ಹದಿನಾರನೆಯ ಸಾಲು

ಸೆಪ್ಟೆಂಬರ್ 29, ಸೋಮವಾರ

ರಕ್ತದೊತ್ತಡ ನೋಡಿದ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು, ದಿನಾ ನಡೆಯಿರಿ ಎಂದರು, ಕೊನೆಗೆ "ಮನಸ್ಸಿನಲ್ಲಿ ಇಟ್ಕೊಂಡು ಕುದೀಬೇಡಿ, ಬರೆದುಬಿಡಿ" ಎಂದರು. ಉಪ್ಪು ಅಕ್ಕನ ಕೈಯಲ್ಲಿದೆ. ನಡೆಯಲು ಮಂಡಿ ಒಪ್ಪುವುದಿಲ್ಲ. ಉಳಿದದ್ದು ಇದೊಂದೇ. ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವನ ದಿನಚರಿಯಲ್ಲಿ ಓದುವಂಥದ್ದು ಏನೂ ಇರುವುದಿಲ್ಲ, ಓದುವವರೂ ಇಲ್ಲ. ಲೆಕ್ಕ ಸರಿಹೋಯಿತು.

ಇವತ್ತು ಶಿಕ್ಷಕರ ಸಭೆ. ಹೆಡ್ ಮೇಡಂ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. 'ನಮ್ಮ ಶಾಲೆ ಮಕ್ಕಳಲ್ಲಿ ಬೆಳೆಸಬಯಸುವ ಎಂಟು ಗುಣಗಳು' ಎಂದು ಮೇಲೆ ಬರೆದಿತ್ತು. ಪ್ರಾಮಾಣಿಕತೆ, ಧೈರ್ಯ, ಸಹನೆ, ಕುತೂಹಲ, ಸಹಕಾರ, ಜವಾಬ್ದಾರಿ, ಕರುಣೆ, ನಾಯಕತ್ವ. ಈ ವರ್ಷದಿಂದ ಅಂಕಪಟ್ಟಿಯ ಜೊತೆ ಪ್ರತಿ ಮಗುವಿಗೂ ಒಂದು ಗುಣಪತ್ರ ಕೊಡಬೇಕಂತೆ. ಒಂದೊಂದು ಗುಣದ ಮುಂದೆಯೂ 'ಉತ್ತಮ', 'ಸಾಧಾರಣ', 'ಸುಧಾರಿಸಬೇಕು' ಇವುಗಳಲ್ಲಿ ಒಂದನ್ನು ಬರೆಯಬೇಕು. ಬರೆಯುವವರು ತರಗತಿ ಶಿಕ್ಷಕರು. ಏಳನೇ ತರಗತಿಗೆ ನಾನೇ.

"ಮೇಡಂ, ಕರುಣೆಯನ್ನ ಯಾವ ಅಳತೆಪಟ್ಟಿಯಲ್ಲಿ ಅಳೀಬೇಕು?" ಎಂದು ಕೇಳಿದೆ. ಎಲ್ಲರೂ ನಕ್ಕರು, ಮೇಡಂ ಮಾತ್ರ ನಗಲಿಲ್ಲ. "ಮಕ್ಕಳನ್ನ ನೋಡಿ ಸಾರ್, ಗೊತ್ತಾಗುತ್ತೆ," ಎಂದರು.

ನೋಡುವುದಂತೆ. ನಾನೇನು ಕಣ್ಣು ಮುಚ್ಚಿಕೊಂಡು ಪಾಠ ಮಾಡುತ್ತೇನೆಯೇ? ಮಕ್ಕಳ ಹೆಸರು ನನಗೆ ನಿಲ್ಲುವುದಿಲ್ಲ, ಅದು ನಿಜ. ಹಾಜರಿ ಸಂಖ್ಯೆ ನಿಲ್ಲುತ್ತದೆ. ಅಷ್ಟು ಸಾಕು.

ಅಕ್ಟೋಬರ್ 4, ಶನಿವಾರ

ಗುಣಪತ್ರದ ಪೀಡೆ ಮುಗಿಯಿತು. ವಾರವಿಡೀ ಪಾಠದ ನಡುವೆ ರಫ್ ಪುಸ್ತಕದಲ್ಲಿ ಸಾಲು ಹಾಕಿಕೊಂಡಿದ್ದೆ. ಒಂದರಿಂದ ಮೂವತ್ತೆಂಟು, ಒಂದು ಸಂಖ್ಯೆಗೆ ಒಂದು ಸಾಲು, ಸಾಲಿಗೆ ಎಂಟು ಗುಣ. ಇವತ್ತು ಮಧ್ಯಾಹ್ನ ಅಕ್ಕ ಸಾಲುಸಾಲಾಗಿ ಓದುತ್ತ ಹೋದಳು, ನಾನು ಕಚೇರಿಯಿಂದ ಬಂದ ಹಾಳೆಗಳ ಕಟ್ಟಿನಿಂದ ಒಂದೊಂದೇ ತೆಗೆದು ತುಂಬುತ್ತ ಹೋದೆ. ನಲವತ್ತು ವರ್ಷ ದಾದಿಯಾಗಿದ್ದವಳು ಅಕ್ಕ. ರೋಗಿಯ ಜ್ವರ ಓದುವ ಧಾಟಿಯಲ್ಲೇ ಓದಿದಳು: "ಉತ್ತಮ, ಸಾಧಾರಣ, ಸಾಧಾರಣ, ಸುಧಾರಿಸಬೇಕು..." ಒಂದೂವರೆ ಗಂಟೆಯಲ್ಲಿ ಕಟ್ಟು ಖಾಲಿ.

"ಇಷ್ಟು ಬೇಗ ಮನುಷ್ಯರನ್ನ ತೂಗಿಬಿಟ್ಯೇನೋ?" ಎಂದಳು ಅಕ್ಕ.

"ಆಲೂಗಡ್ಡೆಯಾದ್ರೆ ಇನ್ನೂ ಸ್ವಲ್ಪ ಹೊತ್ತು ಬೇಕಾಗ್ತಿತ್ತು," ಎಂದೆ.

ಪಕ್ಕದ ಎಂಟನೇ ತರಗತಿಯವರು ಇನ್ನೂ ಅರ್ಧಕ್ಕೇ ಬಂದಿಲ್ಲ. ಒಂದೊಂದು ಮಗುವಿಗೂ ಪೆನ್ನು ಕಚ್ಚಿಕೊಂಡು ಕೂತಿದ್ದಾರಂತೆ. ಅವರ ಪೆನ್ನು, ಅವರ ಹಲ್ಲು.

ಅಕ್ಟೋಬರ್ 10, ಶುಕ್ರವಾರ

ಪೋಷಕರ ಸಭೆ. ಒಬ್ಬರೂ ತಕರಾರು ತೆಗೆಯಲಿಲ್ಲ! ಅಂಕಪಟ್ಟಿ ಕೊಟ್ಟಾಗ ಅರ್ಧ ಅಂಕಕ್ಕೆ ಮುಗಿಬೀಳುವ ಜನ ಗುಣಪತ್ರ ನೋಡಿ ತಲೆಯಾಡಿಸಿದರು. "ಮನೇಲೂ ಹೀಗೇ ಸಾರ್, ಸರಿಯಾಗಿ ಹಿಡಿದಿದೀರಿ," ಎಂದವರು ಕಡಿಮೆಯೆಂದರೂ ಹತ್ತು ಜನ. ಹಾಜರಿ ಸಂಖ್ಯೆ ಇಪ್ಪತ್ತನಾಲ್ಕರ ತಾಯಿಯಂತೂ 'ನಾಯಕತ್ವ: ಉತ್ತಮ' ಎಂಬುದನ್ನು ಓದಿ ಕಣ್ಣು ಒರೆಸಿಕೊಂಡರು. ಆ ಹುಡುಗ ವರ್ಷಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವನಿಗೆ ನಾಯಕತ್ವ ಕೊಟ್ಟೆನೇ ಎಂದು ನನಗೇ ಒಂದು ಕ್ಷಣ ಅನಿಸಿತು. ಏನೋ ಕಂಡು ಕೊಟ್ಟಿರುತ್ತೇನೆ.

ಹದಿನೆಂಟರ ಅಪ್ಪ ಗಡಿಯಾರ ರಿಪೇರಿ ಮಾಡುವವರು. ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಹಿ ಹಾಕಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು ಹೋದರು. ಜೊತೆಗೆ ಬಂದಿದ್ದ ಹುಡುಗಿ ಹಿಂದೆ ಹಿಂದೆಯೇ ಹೋದಳು.

ಮನುಷ್ಯರನ್ನು ಓದುವುದು ನನಗೆ ಬರುತ್ತದೆ ಎಂದು ಅಕ್ಕನಿಗೆ ಹೇಳಿದೆ. ಅವಳು ಟೀ ಲೋಟ ನನ್ನ ಮುಂದೆ ಕುಕ್ಕಿದಳು.

ಅಕ್ಟೋಬರ್ 17, ಶುಕ್ರವಾರ

ಹದಿನೆಂಟಕ್ಕೆ ಹೊಸ ಹುಚ್ಚು ಹಿಡಿದಿದೆ. ಹೋಮ್‌ವರ್ಕ್ ಪುಸ್ತಕದ ಅಂಚಿನಲ್ಲೆಲ್ಲ ಸಣ್ಣ ಅಕ್ಷರದ ಟಿಪ್ಪಣಿ. 'ಮೂರನೆಯ ಹೆಜ್ಜೆ ಗೆಳತಿಯನ್ನು ಕೇಳಿದೆ.' 'ಈ ಗೆರೆ ಎಳೆಯುವಾಗ ಸ್ಕೇಲ್ ಇರಲಿಲ್ಲ, ಡಬ್ಬದ ಅಂಚು ಬಳಸಿದೆ.' 'ಉತ್ತರ ಹಿಂದಿನ ಪುಟದಲ್ಲಿ ಕಣ್ಣಿಗೆ ಬಿತ್ತು, ಬೇಕೆಂದು ನೋಡಿದ್ದಲ್ಲ.' ಮೂವತ್ತೇಳು ಪುಸ್ತಕ ತಿದ್ದುವವನಿಗೆ ಇದನ್ನೆಲ್ಲ ಓದುವ ವ್ಯವಧಾನ ಎಲ್ಲಿಂದ ಬರಬೇಕು? 'ಅಂಚಿನಲ್ಲಿ ಬರೆಯಬಾರದು' ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಅಕ್ಟೋಬರ್ 23, ಗುರುವಾರ

ಈಗ ಟಿಪ್ಪಣಿಗಳು ಬೇರೆ ಚೀಟಿಯಲ್ಲಿ ಬರುತ್ತಿವೆ. ಪುಸ್ತಕಕ್ಕೆ ಪಿನ್ ಹಾಕಿ! ಕಿರುಪರೀಕ್ಷೆಯಲ್ಲಿ ಒಂದು ಅಂಕ ಹೆಚ್ಚು ಕೂಡಿಸಿದ್ದೆನಂತೆ. ತರಗತಿಯ ಮುಂದೆಯೇ ಎದ್ದು ಬಂದು ತೋರಿಸಿದಳು. ಕೂಡುವುದರಲ್ಲಿ ನನ್ನ ತಪ್ಪು ಹಿಡಿದವರು ಈವರೆಗೆ ಇಲ್ಲ. ಮುಖ ಬಿಸಿಯಾಯಿತು. "ಸರಿ, ಕಳೀತೀನಿ, ಹೋಗು," ಎಂದೆ. "ನಿಜವಾಗ್ಲೂ ಈಗಷ್ಟೇ ನೋಡಿದ್ದು ಸಾರ್," ಎಂದಳು. ಯಾರು ಕೇಳಿದರು ಅವಳನ್ನು?

ಇಪ್ಪತ್ತನಾಲ್ಕು ಊಟದ ಬಿಡುವಿನಲ್ಲಿ ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು ಸಣ್ಣ ಮಕ್ಕಳನ್ನು ಸಾಲಿನಲ್ಲಿ ಬಿಡುತ್ತಿದ್ದ. ಮಾತಿಲ್ಲ, ಕೈಯಲ್ಲೇ ಸನ್ನೆ. ನೂಕಾಟವೇ ಇರಲಿಲ್ಲ. ಎರಡು ನಿಮಿಷ ನಿಂತು ನೋಡಿದೆ.

ಅಕ್ಟೋಬರ್ 29, ಬುಧವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಈಗಲೇ ಬರೆದುಬಿಡುತ್ತೇನೆ.

ಆಗಸ್ಟ್‌ನಲ್ಲಿ ಹದಿನಾರರ ಮನೆಯವರು ಬೇರೆ ಊರಿಗೆ ಹೋದರು, ಹುಡುಗ ಶಾಲೆ ಬಿಟ್ಟ. ಅವನ ಹೊಸ ಶಾಲೆಯವರು ನಡತೆಯ ಬಗ್ಗೆ ಎರಡು ಸಾಲು ಕೇಳಿದ್ದಾರೆ ಎಂದು ಗುಮಾಸ್ತರು ಚೀಟಿ ಕಳಿಸಿದರು. ಏನಾದರೂ ಸಿಗಬಹುದೆಂದು ರಫ್ ಪುಸ್ತಕ ತೆಗೆದೆ. ಹದಿನಾರನೆಯ ಸಾಲಿನಲ್ಲಿ ಎಂಟೂ ಗುಣ ತುಂಬಿದ್ದೆ. ಊರು ಬಿಟ್ಟು ಎರಡು ತಿಂಗಳಾದ ಹುಡುಗನಿಗೆ! 'ಜವಾಬ್ದಾರಿ: ಉತ್ತಮ.' ಸಂಖ್ಯೆ ನೋಡಿ ಬರೆದವನು, ಮುಖ ನೋಡಿ ಬರೆದವನಲ್ಲ.

ಮೊದಲು ನಗು ಬಂತು. ಆಮೇಲೆ ಹಾಳೆಗಳ ಲೆಕ್ಕ ಹಾಕಿದೆ. ಕಚೇರಿ ಕೊಟ್ಟ ಕಟ್ಟಿನಲ್ಲಿ ಹದಿನಾರರ ಹಾಳೆಯೇ ಇರಲಿಲ್ಲ. ಮೂವತ್ತೇಳು ಹಾಳೆ, ಮೂವತ್ತೆಂಟು ಸಾಲು. ಅಕ್ಕ ಹದಿನಾರನೆಯ ಸಾಲು ಓದಿದಾಗ ನಾನು ಹದಿನೇಳರ ಹಾಳೆಯಲ್ಲಿ ಬರೆದಿದ್ದೇನೆ. ಹದಿನೇಳರದು ಹದಿನೆಂಟಕ್ಕೆ. ಅಲ್ಲಿಂದ ಕೊನೆಯವರೆಗೆ ಎಲ್ಲರಿಗೂ ಹಿಂದಿನವರ ಗುಣ. ಮೂವತ್ತೆಂಟನೆಯ ಸಾಲು ಮಗುಚಿದ ಪುಟದಲ್ಲಿ ಒಂಟಿಯಾಗಿ ಉಳಿದಿತ್ತು, ಅಕ್ಕನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಕಟ್ಟು ಮುಗಿದ ಖುಷಿ ನಮಗೆ.

ಇಪ್ಪತ್ತೆರಡು ಮಕ್ಕಳು. ಅವರ ಅಪ್ಪ ಅಮ್ಮಂದಿರಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ, ಎಷ್ಟೋ ಜನ ತಲೆಯಾಡಿಸಿ 'ಸರಿಯಾಗಿ ಹಿಡಿದಿದೀರಿ' ಎಂದರು.

ಹದಿನೇಳು ಪಕ್ಕದವರ ಉತ್ತರ ನೋಡಿ ಬರೆಯುವುದರಲ್ಲಿ ನಿಸ್ಸೀಮ. ಅವನಿಗೆಂದು 'ಪ್ರಾಮಾಣಿಕತೆ: ಸುಧಾರಿಸಬೇಕು' ಎಂದು ಬರೆದಿದ್ದೆ. ಅದು ಹೋಗಿ ಕೂತದ್ದು ಹದಿನೆಂಟರ ಹಾಳೆಯಲ್ಲಿ. ಆ ಚೀಟಿಗಳು, ಆ 'ನಿಜವಾಗ್ಲೂ ಸಾರ್'.

ಅಕ್ಟೋಬರ್ 30, ಗುರುವಾರ

ಏನೂ ಮಾಡಲಿಲ್ಲ.

ಮುಂದಿನ ಅವಧಿಯ ಗುಣಪತ್ರದಲ್ಲಿ ಸದ್ದಿಲ್ಲದೆ ಸರಿಮಾಡಬಹುದು. ಮಕ್ಕಳು ಸುಧಾರಿಸಿದರು ಎಂದುಕೊಳ್ಳುತ್ತಾರೆ. ನಲ್ಲಿಯ ಹತ್ತಿರ ನಿಲ್ಲುವ ಹುಡುಗನಿಗೆ 'ಅದು ನಿನ್ನದಲ್ಲ, ಬೇರೆಯವರದು' ಎಂದು ಹೇಳಲು ಯಾವ ಬಾಯಿಂದ ಸಾಧ್ಯ? ಅವನ ತಾಯಿ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಒಂದು ತಪ್ಪು ಸರಿಮಾಡಲು ಹೋಗಿ ಇಪ್ಪತ್ತೊಂದು ಮನೆ ಕಲಕಬೇಕೇ?

ಅಕ್ಕನಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಓದಿದೋಳು ನಾನು. ಒಂದ್ಸಲಾನೂ ಸಂಖ್ಯೆ ಹೇಳಿ ಓದ್ಲಿಲ್ಲ," ಎಂದಳು. ಆಮೇಲೆ, "ಆ ಮಗು ಊಟ ಮಾಡ್ತಿದ್ಯಾ, ಕೇಳಿದ್ಯಾ?" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ನವೆಂಬರ್ 3, ಸೋಮವಾರ

ಬಿಡುವಿನಲ್ಲಿ ಅವಳನ್ನು ಕರೆದು ಈ ಚೀಟಿಗಳೆಲ್ಲ ಯಾಕೆ ಎಂದು ಕೇಳಿದೆ. ಬೆರಳಿನಿಂದ ಮೇಜಿನ ಅಂಚು ಉಜ್ಜುತ್ತ ನಿಂತಳು.

"ಹುಡುಕ್ತಾ ಇದ್ದೀನಿ ಸಾರ್."

"ಏನನ್ನ?"

"ಎಲ್ಲಿ ಸುಳ್ಳು ಹೇಳ್ತೀನಿ ಅಂತ. ನನಗೆ ಗೊತ್ತಾಗ್ತಾ ಇಲ್ಲ. ನೀವು ಬರೆದಿದೀರಿ ಅಂದ್ಮೇಲೆ ಎಲ್ಲೋ ಹೇಳ್ತಿರಬೇಕಲ್ವಾ? ನೀವು ತಪ್ಪು ಬರೆಯಲ್ಲ ಅಂತ ಎಲ್ಲರೂ ಅಂತಾರೆ. ಅದಕ್ಕೆ ಎಲ್ಲಾನೂ ಬರೆದಿಟ್ರೆ ನಿಮಗಾದ್ರೂ ಸಿಗಬಹುದು ಅಂತ ಕೊಟ್ಟೆ."

ಮನೆಯಲ್ಲಿ ಏನಂದರು ಎಂದು ಕೇಳಿದೆ. ಮನೆಯ ಮುಂದಿನ ಕೋಣೆಯೇ ಅಂಗಡಿಯಂತೆ. ಶಾಲೆ ಬಿಟ್ಟ ಮೇಲೆ ಅಪ್ಪನ ಪಕ್ಕದಲ್ಲಿ ಕೂತು ಸಣ್ಣ ಸ್ಕ್ರೂಗಳನ್ನು ಅಳತೆ ಪ್ರಕಾರ ಬೇರೆಬೇರೆ ಮುಚ್ಚಳಗಳಿಗೆ ಹಾಕುವುದು ಇವಳ ಕೆಲಸ. ಗುಣಪತ್ರ ಬಂದ ಮೇಲೆ ಅಂಗಡಿಗೆ ಬರಬೇಡ ಎಂದಿದ್ದಾರೆ. "ಜನ ನಂಬಿ ಕೊಟ್ಟು ಹೋಗಿರೋ ವಸ್ತು ಸಾರ್. ಅಪ್ಪ ಹೇಳೋದೂ ಸರಿ ತಾನೇ," ಎಂದಳು.

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬೆಲ್ಲು ಹೊಡೆಯಿತು. "ಹೋಗು, ತರಗತಿಗೆ ತಡ ಆಗುತ್ತೆ," ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ನವೆಂಬರ್ 4, ಮಂಗಳವಾರ

ಬೆಳಿಗ್ಗೆಯೇ ಹೆಡ್ ಮೇಡಂ ಕೋಣೆಗೆ ಹೋಗಿ ರಫ್ ಪುಸ್ತಕ ಬಿಚ್ಚಿ ತೋರಿಸಿದೆ. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಪಾಪ, ಕೆಟ್ಟವರಲ್ಲ. ಶಾಲೆಯ ಮರ್ಯಾದೆ ಅವರ ಹೆಗಲ ಮೇಲಿದೆ.

"ಹೊಸ ಹಾಳೆ ಕೊಟ್ಟುಬಿಡೋಣ ಸಾರ್. ಕಚೇರಿಯಲ್ಲಿ ಹಾಳೆ ಜೋಡಿಸುವಾಗ ಅದಲುಬದಲಾಯ್ತು ಅಂತ ಒಂದು ಪತ್ರ ಕಳಿಸಿದ್ರೆ ಆಯ್ತು."

ಬಾಗಿಲ ಆಚೆ ಗುಮಾಸ್ತರು ಹಾಜರಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಅಂಟು ಹತ್ತಿದ ಬೆರಳುಗಳನ್ನು ಕಾಗದಕ್ಕೆ ಒರೆಸುತ್ತಿದ್ದರು. ಹೂಂ ಎಂದುಬಿಡಲು ಎಷ್ಟು ಮನಸ್ಸಾಯಿತೆಂದು ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ.

"ಅವರು ಸರಿಯಾಗೇ ಜೋಡಿಸಿದ್ರು ಮೇಡಂ. ತಪ್ಪು ನನ್ನದು. ನಾನೇ ಹೇಳ್ತೀನಿ," ಎಂದೆ.

"ಮಕ್ಕಳ ಮುಂದೆ?"

"ಬರೆದದ್ದು ಅವರ ಮೇಲೆ ತಾನೇ?"

ಮೇಡಂ ರಫ್ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. ಆಮೇಲೆ ಹೊಸ ಹಾಳೆಗೆ ಎಷ್ಟು ದಿನ ಬೇಕು ಎಂದು ಕೇಳಿದರು. ಎರಡು ವಾರ ಎಂದೆ. ಹೋದ ಸಲ ಒಂದೂವರೆ ಗಂಟೆಯಲ್ಲಿ ಮುಗಿಸಿದವರು ನೀವೇ ಅಲ್ಲವೇ ಎಂಬಂತೆ ನೋಡಿದರು. ನೋಡಲಿ.

ನವೆಂಬರ್ 5, ಬುಧವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಮೊದಲ ಪೀರಿಯಡ್‌ನಲ್ಲಿ ಕಪ್ಪುಹಲಗೆಯ ಮೇಲೆ ಎಡಕ್ಕೆ ಸಾಲು, ಬಲಕ್ಕೆ ಹಾಳೆ ಎಂದು ಬರೆದು, ಹದಿನಾರರಿಂದ ಗೆರೆ ಹೇಗೆ ಜಾರಿತು ಎಂದು ಲೆಕ್ಕ ಬಿಡಿಸುವ ಹಾಗೆಯೇ ಬಿಡಿಸಿ ತೋರಿಸಿದೆ. ಹಾಗಲ್ಲದೆ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. "ಹದಿನೇಳರಿಂದ ಮೂವತ್ತೆಂಟರವರೆಗೆ ಯಾರ ಗುಣಪತ್ರವೂ ಅವರದಲ್ಲ. ತಪ್ಪು ನನ್ನದು. ಕ್ಷಮಿಸಿ," ಎಂದೆ. ಚಾಕ್‌ಪೀಸ್ ಕೈಯಲ್ಲೇ ಮುರಿಯಿತು.

ಹಿಂದಿನ ಬೆಂಚಿನಿಂದ ಹದಿನೇಳು, ನಮ್ಮ ನಕಲುರಾಯ, ಎದ್ದ.

"ನನಗೆ ಮೊದಲೇ ಗೊತ್ತಿತ್ತು ಸಾರ್."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಪ್ರಾಮಾಣಿಕತೆಗೆ 'ಉತ್ತಮ' ಸಿಕ್ಕಿತ್ತಲ್ಲ ಸಾರ್. ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ."

ಇಡೀ ತರಗತಿ ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆ. ನಾನು ನಗುವುದನ್ನು ನೋಡಿ ಅವರು ಇನ್ನಷ್ಟು ನಕ್ಕರು.

ನಲ್ಲಿಯ ಯಜಮಾನ ನಗಲಿಲ್ಲ. ನಿಧಾನವಾಗಿ ಕೈ ಎತ್ತಿದ. ಅವನು ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಹಾಗಾದ್ರೆ ನಾಳೆಯಿಂದ ನಲ್ಲಿ ಹತ್ತಿರ ಸಾಲು ಯಾರು ನೋಡ್ಕೋತಾರೆ ಸಾರ್?"

"ನೀನೇ ನೋಡ್ಕೋಬೇಕು. ಇನ್ನು ಯಾರಿಗೆ ಬರುತ್ತೆ ಅದು?"

"ಸರಿ ಸಾರ್," ಎಂದು ಕೂತ. ಅಷ್ಟೇ. ಇದಕ್ಕೆ ನಾನು ಒಂದು ವಾರ ಹೆದರಿದ್ದೆ.

ಗಡಿಯಾರದವರ ಮಗಳು ಮಾತ್ರ ಮೇಜಿನ ಮೇಲೆ ತಲೆಯಿಟ್ಟವಳು ಪೀರಿಯಡ್ ಮುಗಿಯುವವರೆಗೂ ಎತ್ತಲಿಲ್ಲ. ಹತ್ತಿರ ಹೋಗಿ, "ಸಂಜೆ ನಿಮ್ಮಪ್ಪನ ಹತ್ತಿರ ನಾನೇ ಬಂದು ಹೇಳ್ತೀನಿ," ಎಂದೆ. ಮುಖ ಮುಚ್ಚಿಕೊಂಡೇ ತಲೆಯಾಡಿಸಿದಳು.

ಸಂಜೆ ಹೋದೆ. ಮಂಡಿ ಏನೂ ಅನ್ನಲಿಲ್ಲ. ಪುಟ್ಟ ಕೋಣೆ, ಗೋಡೆಯ ತುಂಬ ಗಡಿಯಾರ, ಒಂದೊಂದೂ ಒಂದೊಂದು ಸಮಯ ತೋರಿಸುತ್ತಿತ್ತು. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದು ಸ್ಟೂಲು ಒರೆಸಿ ಕೊಟ್ಟರು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ.

ಅವರು ನಂಬಲಿಲ್ಲ. "ಇಲ್ಲ ಸಾರ್, ಅವಳೇ ಒಪ್ಕೊಂಡಿದ್ದಾಳೆ."

"ಏನಂತ?"

"ಸುಳ್ಳು ಹೇಳಿದೀನಿ ಅಂತ. ಮೂರು ದಿನ ಕೇಳಿದೆ ಸಾರ್. ಮೊದಲ ದಿನ ಇಲ್ಲಪ್ಪ ಅಂದ್ಲು. ಎರಡನೇ ದಿನಾನೂ ಇಲ್ಲ ಅಂದ್ಲು. ಸಾರ್ ಸುಮ್ಮನೆ ಬರೀತಾರಾ ಅಂತ ಗದರಿಸಿದೆ. ಮೂರನೇ ದಿನ 'ಹೂಂ, ಹೇಳಿದೀನಿ' ಅಂದ್ಲು. ಒಪ್ಕೊಂಡ್ಮೇಲೆ ಇನ್ನೇನು..."

ಮಾತು ಅಲ್ಲಿಗೇ ನಿಂತಿತು. ಹೇಳುತ್ತಿದ್ದದ್ದು ಏನೆಂದು ಅವರ ಕಿವಿಗೇ ಆಗ ಬಿತ್ತು. ಕೈಯಲ್ಲಿದ್ದ ಚಿಮಟ ಮೇಜಿನ ಮೇಲಿಟ್ಟು ಒಳಬಾಗಿಲ ಕಡೆ ನೋಡಿದರು. ಅವಳು ಅಲ್ಲೇ ನಿಂತಿದ್ದಳು.

"ಯಾಕೆ ಪುಟ್ಟಿ ಹಾಗಂದೆ?"

"ನೀವು ಕೇಳೋದು ನಿಲ್ಲಿಸ್ತೀರಾ ಅಂತ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅದೊಂದೇ ಸಾರ್ ನಾನು ಹೇಳಿದ ಸುಳ್ಳು. ಅದನ್ನ ಚೀಟಿಯಲ್ಲಿ ಬರೆಯೋಕೆ ಆಗ್ಲಿಲ್ಲ," ಎಂದಳು.

ಅವರು ಎದ್ದು ಹೋಗಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ದೊಡ್ಡ ಮನುಷ್ಯ, ನನ್ನ ಮುಂದೆಯೇ ಅತ್ತರು. ನಾನು ಗೋಡೆಯ ಗಡಿಯಾರಗಳನ್ನು ನೋಡುತ್ತ ನಿಂತೆ. ನನಗೂ ಸರಿಯಾಗಿ ಕಾಣಿಸುತ್ತಿರಲಿಲ್ಲ.

ನವೆಂಬರ್ 12, ಬುಧವಾರ

ಹೊಸ ಹಾಳೆಗಳಲ್ಲಿ ಮೂವತ್ತು ಮುಗಿದಿವೆ. ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಆಗುವುದಿಲ್ಲ. ಎಲ್ಲ ಮೂವತ್ತೇಳನ್ನೂ ಹೊಸದಾಗಿ ಬರೆಯುತ್ತಿದ್ದೇನೆ. ಮೊದಲ ಹದಿನೈದು ಹಾಳೆ ತಪ್ಪಿಲ್ಲ, ಬೇಕಿಲ್ಲ ಎಂದರು ಮೇಡಂ. ಅವನ್ನು ಬರೆಯುವಾಗಲೂ ನಾನು ನೋಡಿರಲಿಲ್ಲವಲ್ಲ.

ಕಿಟಕಿ ಪಕ್ಕದ ಉದ್ದಜಡೆ ತನ್ನ ಲೆಕ್ಕ ಮುಗಿದರೂ ಮುಗಿದಿಲ್ಲವೆಂಬಂತೆ ಕೂತಿರುತ್ತಾಳೆ, ಪಕ್ಕದವಳು ಒಂಟಿಯಾಗಿ ಹಿಂದೆ ಉಳಿಯಬಾರದೆಂದು. ಇದಕ್ಕೆ ಕರುಣೆ ಎನ್ನಬೇಕೋ ಸಹಕಾರ ಎನ್ನಬೇಕೋ ಎಂದು ಅಕ್ಕನ ಜೊತೆ ಅರ್ಧ ಗಂಟೆ ವಾದವಾಯಿತು. ಎರಡಕ್ಕೂ 'ಉತ್ತಮ' ಹಾಕಿದೆ. ಹಲ್ಲುಬ್ಬನಿಗೆ ಪ್ರತಿಯೊಂದಕ್ಕೂ 'ಯಾಕೆ' ಬೇಕು. ಮೊದಲು ಅವನಿಗೆ 'ಸಹನೆ: ಸುಧಾರಿಸಬೇಕು' ಎಂದು ಬರೆದಿದ್ದೆ. ಸಹನೆ ಸುಧಾರಿಸಬೇಕಾದದ್ದು ಯಾರದ್ದೋ!

ನಕಲುರಾಯ ಈಗಲೂ ನೋಡಿಯೇ ಬರೆಯುತ್ತಾನೆ. ಆದರೆ ಪುಸ್ತಕ ಕೊಡುವಾಗ "ಐದನೇದು ಮುಂದಿನ ಬೆಂಚಿಂದ ಸಾರ್" ಎಂದು ತಾನೇ ಹೇಳುತ್ತಾನೆ. 'ಸಾಧಾರಣ'ಕ್ಕೆ ಏರಿಸಿದ್ದೇನೆ. ನಲ್ಲಿಯ ಯಜಮಾನನಿಗೆ ನಾಯಕತ್ವ 'ಉತ್ತಮ' ಎಂದೇ ಬರೆದೆ. ಈ ಸಲ ಅದು ಅವನದೇ.

ಪೆನ್ನಿನ ಹಿಂಬದಿ ಎಲ್ಲ ಹಲ್ಲಿನ ಗುರುತು. ಯಾವಾಗ ಕಚ್ಚಿದೆನೋ ಗೊತ್ತಿಲ್ಲ.

ನವೆಂಬರ್ 14, ಶುಕ್ರವಾರ

ಗಡಿಯಾರದವರ ಮಗಳ ಹಾಳೆಗೆ ಬಂದೆ. ಬಿಡುವಿನಲ್ಲಿ ಅವಳೇ ಬಂದು ಮೇಜಿನ ಪಕ್ಕ ನಿಂತಳು.

"ಪ್ರಾಮಾಣಿಕತೆಗೆ ಏನು ಬರೀತೀರಿ ಸಾರ್?"

"'ಉತ್ತಮ'. ಇನ್ನೇನು?"

"ಬೇಡ ಸಾರ್. 'ಸಾಧಾರಣ' ಅಂತ ಬರೀರಿ. ಒಂದು ಹೇಳಿದೀನಲ್ಲ."

"ಅದನ್ನ ನಿನ್ನ ಬಾಯಲ್ಲಿ ಹೇಳಿಸಿದ್ದು ನಾನು."

"ಆದ್ರೂ ಹೇಳಿದ್ದು ನಾನಲ್ವಾ ಸಾರ್?"

ಅಂಕ ಏರಿಸಿ ಎಂದು ಗೋಗರೆಯುವ ಮಕ್ಕಳನ್ನು ಜೀವಮಾನವಿಡೀ ಕಂಡಿದ್ದೇನೆ. ಏರಿಸುತ್ತೇನೆ ಎಂದು ನಾನು ಗೋಗರೆದದ್ದು, ಕೂಡದು ಎಂದು ಮಗು ಹಟ ಹಿಡಿದದ್ದು ಇದೇ ಮೊದಲು. ಬೆಲ್ಲು ಹೊಡೆಯುವವರೆಗೂ ವಾದಿಸಿದೆವು. ನಾನು ಸೋತೆ. 'ಸಾಧಾರಣ' ಎಂದು ಬರೆದೆ. ಬರೆಯುವಾಗ ಅವಳು ಬಗ್ಗಿ ಅಕ್ಷರ ಅಕ್ಷರವನ್ನೂ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಅಪ್ಪ ಈಗ ಸ್ಕ್ರೂ ಮಾತ್ರವಲ್ಲ, ಹಳೇ ಅಲಾರಾಂ ಗಡಿಯಾರದ ಹಿಂಬದಿ ಬಿಚ್ಚುವುದನ್ನೂ ಕಲಿಸುತ್ತಿದ್ದಾರೆ ಎಂದು ಹೇಳಿ ಓಡಿದಳು.

ನವೆಂಬರ್ 17, ಸೋಮವಾರ

ಹೊಸ ಗುಣಪತ್ರಗಳು ಮನೆಗೆ ಹೋಗಿ, ಸಹಿಯಾಗಿ ಇವತ್ತು ವಾಪಸು ಬಂದವು. ಕೆಲವರು ಸಿಟ್ಟಾಗಿದ್ದಾರೆ, ಮೇಡಂಗೆ ಎರಡು ದೂರು ಬಂದಿವೆ. ಬರಬೇಕಾದದ್ದೇ. ನಾಳೆ ಅವರ ಮನೆಗಳಿಗೂ ಹೋಗುತ್ತೇನೆ.

ಹಾಳೆಯ ಕೊನೆಯಲ್ಲಿ 'ಪೋಷಕರ ಅಭಿಪ್ರಾಯ' ಎಂದು ಎರಡು ಗೆರೆ ಇರುತ್ತವೆ. ಎಲ್ಲರೂ ಖಾಲಿ ಬಿಡುವ ಜಾಗ ಅದು. ಗಡಿಯಾರದವರು ತುಂಬಿದ್ದರು. ಸಣ್ಣ ಕೆಲಸ ಮಾಡಿ ಪಳಗಿದ ಕೈಯ ಸಣ್ಣ, ಸ್ಪಷ್ಟ ಅಕ್ಷರ: 'ಪ್ರಾಮಾಣಿಕತೆಯ ಮುಂದೆ ಬರೆದಿರುವ ಸಾಧಾರಣ ನನ್ನದು, ಮಗಳದಲ್ಲ.' ಕೆಳಗೆ ಅವರ ಸಹಿ.

ಗೆರೆಯಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿತ್ತು. 'ನನ್ನದೂ' ಎಂದು ಬರೆದು, ಪಕ್ಕದಲ್ಲಿ ನಾನೂ ಸಹಿ ಹಾಕಿದೆ.